ಖಾಲಾ ಕೇಳಿಕೊಳ್ಳುತ್ತಿದ್ದದ್ದು

ಮೊನ್ನೆ ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅಂಗಡಿಗೆ ಲೋಬಾನದ ಹೊಗೆ ಹಾಕುತ್ತಿದ್ದರು. ಆ ವಾಸನೆಗೆ ಬಸ್ಸು ಹತ್ತುವುದನ್ನೂ ಮರೆತು ನಿಂತೆ. ಸಿರಾದ ನಮ್ಮ ಪಕ್ಕದ ಮನೆಯಿಂದ ಶುಕ್ರವಾರದ ದಿನ ಗೋಡೆ ದಾಟಿ ಬರುತ್ತಿದ್ದ ವಾಸನೆ ಅದು...

ಆ ಮನೆಯಾಕೆಯನ್ನು ನಾನು ಖಾಲಾ ಎನ್ನುತ್ತಿದ್ದೆ. ಅವರ ಮಾತಿನಲ್ಲಿ ಹಾಗೆಂದರೆ ಚಿಕ್ಕಮ್ಮ. ನಮ್ಮದು ಲಿಂಗ ಕಟ್ಟಿದ ಮನೆ. ಅಮ್ಮ ಪೂಜೆಗೆ ಕೂರುವ ಹೊತ್ತಿಗೆ ಗೋಡೆಯಾಚೆ ಖಾಲಾ ಬೆಳಗಿನ ನಮಾಜು ಮುಗಿಸಿ ಅಂಗಳ ಗುಡಿಸುತ್ತಿದ್ದರು. ಗಂಡ ತೀರಿಹೋಗಿದ್ದರು. ಒಬ್ಬನೇ ಮಗ, ಗ್ಯಾರೇಜಿನಲ್ಲಿ ಕೆಲಸ. ಒಂದು ಸಂಜೆ ಬಡವನಹಳ್ಳಿ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದವನಿಗೆ ಟ್ರ್ಯಾಕ್ಟರ್ ಗುದ್ದಿತು. ಅವನು ಉಳಿಯಲಿಲ್ಲ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಕುರಿ ಸಾಕುವ ಮನೆಯವನು, ಸತ್ತವನದೇ ವಯಸ್ಸು.

ಮುಂದೆ ಬಂದ ರಂಜಾನಿನಲ್ಲಿ, ಸುಡುವ ಮಧ್ಯಾಹ್ನ, ಆ ಚಾಲಕನ ತಾಯಿ ಬಂದಳು. ಒಳಗೆ ಬರಲು ಧೈರ್ಯ ಸಾಲದೆ ಬೀದಿಯಲ್ಲೇ ನಿಂತಿದ್ದಳು. ಅಕ್ಕಪಕ್ಕದ ಹೆಂಗಸರು ಬೈದು ಅಟ್ಟಲು ನೋಡಿದರು. ನನಗೂ ಮೈ ಉರಿಯುತ್ತಿತ್ತು. ಖಾಲಾ ಹೊರಗೆ ಬಂದು, ಏನೂ ಕೇಳದೆ, ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ನಾನೂ ಹಿಂದೆಯೇ ಹೋದೆ.

ಮಗ ಅನ್ನ ಬಿಟ್ಟಿದ್ದಾನೆ, ಸತ್ತವನ ತಾಯಿಯ ಶಾಪ ತಟ್ಟುತ್ತದೆಂದು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ ಎಂದು ಅವಳು ಅತ್ತಳು. "ಶಾಪ ಹಾಕ್ಬ್ಯಾಡ್ರವ್ವ. ನಂಗೂ ಅವ್ನೊಬ್ನೇಯ."

ಖಾಲಾ ಅವಳ ಕೈ ಬಿಡಲಿಲ್ಲ.

"ಕೊಟ್ಟೋನೂ ಅಲ್ಲಾ, ತಗೊಂಡೋನೂ ಅಲ್ಲಾ. ಶಾಪ ಹಾಕಾಕೆ ನಾನ್ಯಾರಮ್ಮ? ಮಾಫ್ ಮಾಡ್ಬುಟ್ಟೆ ಅಂತ ಹೇಳು ಅವ್ನಿಗೆ. ಉಣ್ಣಾಕೆ ಹೇಳು" ಎಂದರು.

ತಮ್ಮದು ಉಪವಾಸ, ಬೆಳಗಿನಿಂದ ಒಂದು ಹನಿ ನೀರು ಮುಟ್ಟಿರಲಿಲ್ಲ. ಆದರೂ ಒಲೆ ಹಚ್ಚಿ, ಬಿಸಿ ಅನ್ನ ಮಾಡಿ, ಎದುರಿಗೆ ಕೂತು ಅವಳಿಗೆ ಉಣಿಸಿದರು.

ಅವಳು ಹೋದ ಮೇಲೆ ಖಾಲಾ ನಮಾಜಿಗೆ ಕೈಕಾಲು ತೊಳೆಯುತ್ತಿದ್ದರು. ಸಿಟ್ಟು ನಿಜವಾಗಿಯೂ ಹೋಯಿತೇ ಎಂದು ಕೇಳಿದೆ.

"ಎಲ್ಲಿ ಹೋಯ್ತದೆ ಬೇಟಿ? ಐದೊತ್ತೂ ಅದನ್ನೇ ಕೇಳ್ಕೊಂತೀನಿ, ಇದನ್ನ ನನ್ನೆದೆಯಿಂದ ತೆಗಿ ಅಂತ. ಅವ್ನು ತೆಗೆಯೋಗಂಟ ಕೇಳ್ತಾನೇ ಇರ್ಬೇಕು" ಎಂದು ಚಾಪೆ ಹಾಸಿದರು.

ದೇವರನ್ನು ನಂಬಿದವರಿಗೆ ದುಃಖ ಹಗುರವಾಗಿಬಿಡುತ್ತದೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅವರ ಹಣೆ ನೆಲಕ್ಕೆ ತಾಗಿ, ಏಳಲು ತಡವಾಗುತ್ತಿದ್ದುದನ್ನು ಅಂದಿನಿಂದ ಗಮನಿಸತೊಡಗಿದೆ.

ನಾನು ಮದುವೆಯಾಗಿ ಮಧುಗಿರಿಗೆ ಬಂದೆ. ಹೋದ ವರ್ಷ ಖಾಲಾ ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಅವರು ಕೇಳಿಕೊಂಡದ್ದು ಕೊನೆಗಾದರೂ ಸಿಕ್ಕಿತೋ ಇಲ್ಲವೋ... ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ. ತವರಿಗೆ ಹೋದಾಗ ಬಾಗಿಲ ಮುಂದೆ ಕಾಲು ತಾನಾಗಿ ನಿಧಾನವಾಗುತ್ತದೆ. ಖಾಲಾ ಎಂದು ಕೂಗಿದರೆ ತಿರುಗಿ ನೋಡುವವರು ಆ ಬೀದಿಯಲ್ಲಿ ನನಗೆ ಯಾರೂ ಉಳಿದಿಲ್ಲ.