ಬೋರಿನ ನೀರು, ಮೋರಿಯ ನೀರು

ಯುರೇನಿಯಂ ಅಂದರೆ ಸಾಕು, ನಾನೇ ಬಾಂಬು ಹೊತ್ತು ತಂದವಳು ಅನ್ನುವಂತೆ ಜನ ನೋಡುತ್ತಾರೆ. ಚಿತ್ರದುರ್ಗದಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟವರೂ ಅಷ್ಟೆ. ನನ್ನ ಕೆಲಸ ಏನೆಂದು ತಿಳಿದ ಮೇಲೆ ಹಬ್ಬಕ್ಕೆ ಹೋಳಿಗೆ ಕಳಿಸುವುದನ್ನೂ ನಿಲ್ಲಿಸಿಬಿಟ್ಟರು. ಬಾಟಲಿ ಹಿಡಿದು ಊರೂರಿನ ನೀರು ತುಂಬಿಕೊಂಡು ಬರುವುದು, ಅದರಲ್ಲಿ ಯುರೇನಿಯಂ ಎಷ್ಟಿದೆಯೆಂದು ಅಳೆಯುತ್ತ ಯಂತ್ರದ ಮುಂದೆ ಕೂರುವುದು, ಒಬ್ಬಳೇ ಉಣ್ಣುವುದು. ಒಂದು ಮಾತೂ ಆಡದೆ ಮಲಗಿದ ದಿನಗಳಿವೆ. ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಐಮಂಗಲದ ಆಚೆ ಕುರಿ ಸಾಕಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ ನನ್ನನ್ನು ಕೂರಿಸಿ ಮಾತಾಡಿಸುತ್ತಿದ್ದಳು. ಆಕೆಯೂ ಒಂಟಿ. ಆಕೆಯ ಬೋರಿನ ನೀರಿನಲ್ಲಿ ಯುರೇನಿಯಂ ಹೆಚ್ಚಿದೆ, ಕುಡಿಯಬೇಡಿ ಎಂದು ಹೇಳಿದವಳು ನಾನೇ. ಅದು ಪಕ್ಕದ ಗೊಬ್ಬರದ ಕಾರ್ಖಾನೆಯ ಮೋರಿಯಿಂದ ಇಳಿದದ್ದೆಂದು ಆಕೆ ತೀರ್ಮಾನಿಸಿಬಿಟ್ಟಳು. ಆ ಮೋರಿ ನೋಡಿಕೊಳ್ಳುತ್ತಿದ್ದವನು ಆಕೆಯ ತಮ್ಮ. ಅಕ್ಕ ಅವನೊಂದಿಗೆ ಮಾತು ಬಿಟ್ಟಳು. ಅವನು ಕೆಲಸವನ್ನೂ ಬಿಟ್ಟು ಹೊಸದುರ್ಗದ ಕಡೆ ಹೊರಟುಹೋದ.

“ಅವ್ನ ಮೋರಿದೇ ನಮ್ಮ ಬೋರಿಗೆ ಇಳಿದೈತೆ, ಅಲ್ಲೇನ್ರಿ? ಅಷ್ಟು ಹೇಳ್ರಿ ಸಾಕು,” ಎಂದು ಒಂದು ದಿನ ನನ್ನನ್ನು ಕೇಳಿದಳು.

ಅದನ್ನು ಪತ್ತೆ ಮಾಡಬಹುದು. ಯುರೇನಿಯಂನಲ್ಲಿ ಐಸೊಟೋಪುಗಳೆಂಬ, ತೂಕ ಬೇರೆಬೇರೆಯಾದ ಬಗೆಗಳಿವೆ. ನಮ್ಮ ಕಡೆ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಹಗುರವಾದ ಒಂದು ಬಗೆಯ ಪಾಲು ಹೆಚ್ಚು. ಆ ಮೋರಿಯ ನೀರನ್ನೂ ತಂದು ನೋಡಿದೆ; ಅದರಲ್ಲೂ ಯುರೇನಿಯಂ ಇತ್ತು, ಆದರೆ ಹಗುರವಾದ ಬಗೆಯ ಪಾಲು ಹೆಚ್ಚಿರಲಿಲ್ಲ. ಬೆರೆತ ಮಂದೆಯಲ್ಲೂ ಕಿವಿಯ ಗುರುತು ನೋಡಿ ಕುರಿ ಯಾರದೆಂದು ಹೇಳುತ್ತಾರಲ್ಲ, ಹಾಗೆ. ಬೋರಿನ ನೀರು ಬಂಡೆಯ ಗುರುತನ್ನೇ ತೋರಿಸಿತು. ಅನುಮಾನ ಬಂದು ಮತ್ತೆ ನೋಡಿದೆ, ಅದೇ ಬಂತು.

ಹೋಗಿ ಹೇಳಿದೆ. ಕುರಿಗಳಿಗೆ ಸೊಪ್ಪು ಹಾಕುತ್ತಿದ್ದವಳು ಅಲ್ಲೇ ಕುಳಿತಳು.

“ಹಂಗಾರೆ ಅವಂದೇನೂ ತಪ್ಪಿಲ್ವಾ?”

“ಇಲ್ಲಕ್ಕ. ಅದು ಕಲ್ಲಿನಿಂದಲೇ ಬಂದಿರೋದು.”

ಕೈಯಲ್ಲಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು, “ನನ್ ಫೋನಾದ್ರೆ ಎತ್ತಲ್ಲ ಅವ್ನು. ನಿಮ್ದ್ರಾಗೆ ಮಾಡಿ ಹೇಳ್ರಿ. ಬಾ ಅನ್ರಿ,” ಎಂದಳು.

ಸ್ಪೀಕರ್ ಹಾಕಿ ಮಾತಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವನು ಮೆಲ್ಲಗೆ, “ನಾನೂ ಇದ್ನೇ ಹೇಳಿದ್ನಲ್ರಿ ಮೇಡಂ. ಅಕ್ಕಂಗೆ ನಿಮ್ಮ ಮಿಷನ್ ಮೇಲಿರೋ ನಂಬಿಕೆ ನನ್ಮೇಲೆ ಇರ್ಲಿಲ್ಲ,” ಅಂದ. ಫೋನ್ ಇಟ್ಟುಬಿಟ್ಟ.

ಇಷ್ಟು ದಿನ ಸಿಟ್ಟು ಮಾಡಿಕೊಳ್ಳುವುದಕ್ಕಾದರೂ ಆಕೆಗೆ ಒಬ್ಬನಿದ್ದ. ಈಗ ಅದನ್ನೂ ನಾನೇ ಇಲ್ಲವಾಗಿಸಿದ್ದೆ. ನನಗಂತೂ ಅಷ್ಟೂ ಇರಲಿಲ್ಲ. ಬಾಟಲಿ ಎತ್ತಿಕೊಂಡು ಹೊರಡೋಣವೆಂದು ಎದ್ದೆ.

ಆಕೆ ನನ್ನ ಕೈ ಹಿಡಿದುಕೊಂಡಳು.

“ಇನ್ನೊಂದ್ಸಲ ಮಾಡ್ರಿ,” ಎಂದಳು. “ಎತ್ತೋ ತಂಕ ಮಾಡ್ರಿ.”