ಹೊಳಬಸಪ್ಪನ ಕುಸ್ತಿ ಮೂರು

ಬನಹಟ್ಟಿಯಲ್ಲಿ ಕರೆಂಟ್ ಹೋದಾಗ ಊರೆಲ್ಲ ಶಾಪ ಹಾಕುತ್ತಿತ್ತು, ನಾನೊಬ್ಬ ಖುಷಿಪಡುತ್ತಿದ್ದೆ. ಪವರ್‌ಲೂಮ್ ನಿಂತ ಕೂಡಲೇ ನೇಕಾರರಿಗೆ ಬಿಡುವು, ಬಿಡುವಾದ ಕೂಡಲೇ ಅವರ ಕಾಲು ನನ್ನ ಅಂಗಡಿಯ ಕಡೆಗೆ. ನನ್ನದು ವಿಡಿಯೋ ಗೇಮಿನ ಅಂಗಡಿ. ಒಂದು ಟಿವಿ, ಒಂದು ಗೇಮಿನ ಡಬ್ಬಿ, ಎರಡು ರಿಮೋಟು, ಒಂದು ಬೆಂಚು, ಇಷ್ಟನ್ನೂ ಸಾಕುತ್ತಿದ್ದ ಒಂದು ಇನ್ವರ್ಟರ್. ತೇರದಾಳದ ಜೈನರ ಈ ಶ್ರೇಣಿಕ, ಮನೆತನದ ನೂಲಿನ ವ್ಯಾಪಾರ ಬಿಟ್ಟು ಮಕ್ಕಳಾಟ ಹಿಡಿದ ಎಂದು ನಮ್ಮವರೇ ನಕ್ಕರು. ನಗಲಿ ಬಿಡಿ. ಹೊತ್ತು ಮುಳುಗುವ ಮೊದಲು ಊಟಕ್ಕೆ ಮನೆ ಸೇರಬೇಕಾದ ನನ್ನಂಥವನಿಗೆ ಮಧ್ಯಾಹ್ನದ ಲೋಡ್ ಶೆಡ್ಡಿಂಗ್ ದೇವರು ಕೊಟ್ಟ ವರವೇ ಆಗಿತ್ತು.

ಆ ಬೆಂಚಿನ ಖಾಯಂ ಗಿರಾಕಿ ಹೊಳಬಸಪ್ಪ. ಆಗ, ಅಂದರೆ ೨೦೦೯ರಲ್ಲಿ, ಅವನಿಗೆ ಐವತ್ತು ದಾಟಿತ್ತು. ಕಡ್ಡಿಯಂಥ ಆಳು, ಮಗ್ಗದ ಸದ್ದಿಗೆ ಕಿವಿ ಅರ್ಧ ಮಂದವಾಗಿತ್ತು. ಹಟದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅವನು ಆಡುತ್ತಿದ್ದುದು ಒಂದೇ ಆಟ. ಅದೊಂದು ಕುಸ್ತಿಯ ಆಟ. ಕಂಪನಿಯವರು ವರ್ಷ ಎರಡು ವರ್ಷಕ್ಕೊಮ್ಮೆ ಅದರ ಹೊಸ ಭಾಗ ತರುತ್ತಿದ್ದರು. ನಮ್ಮಲ್ಲಿದ್ದುದು ಮೂರನೆಯ ಭಾಗ, ಹಾಗಾಗಿ ಎಲ್ಲರ ಬಾಯಲ್ಲಿ ಅದು ಕುಸ್ತಿ ಮೂರು. ಒಂದು ಬಟನ್ ಹಿಡಿಯಲು, ಒಂದು ನೆಲಕ್ಕೆ ಒಗೆಯಲು, ಅಷ್ಟೇ.

ಎದುರಾಳಿಯೂ ಒಬ್ಬನೇ, ಅವನ ಸ್ವಂತ ತಮ್ಮ ಚನಮಲ್ಲಪ್ಪ. ಆದರೆ ಇಬ್ಬರ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು.

ಅದಕ್ಕೆ ಕಾರಣ ಒಂದು ಕುಣಿ. ಅವರಪ್ಪನದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ. ಅಪ್ಪ ಸತ್ತ ಮೇಲೆ ಅದರ ಮೇಲೆ ಹೊಳಬಸಪ್ಪ ಕೂತ. ೨೦೦೦ದಲ್ಲಿ ಅಣೆಕಟ್ಟಿನ ಹಿನ್ನೀರು ಬರುತ್ತದೆ ಎಂದು ಅನಗವಾಡಿಯಲ್ಲಿದ್ದ ತಂಗಿ ಶೇವಂತಿಯ ಮನೆ ಎತ್ತಬೇಕಾಯಿತು. ಸಾಮಾನು ಸಾಗಿಸಲು ಹೋದ ಹೊಳಬಸಪ್ಪ ಹದಿನೈದು ದಿನ ಅಲ್ಲೇ ನಿಂತ. ತಿರುಗಿ ಬರುವಷ್ಟರಲ್ಲಿ ತಮ್ಮ ಮಗ್ಗ ಬಿಚ್ಚಿ ಕುಣಿಗೆ ಮಣ್ಣು ತುಂಬಿ, ಫರಸಿ ಕಲ್ಲು ಹಾಸಿ, ಅದರ ಮೇಲೆ ಎರಡು ಪವರ್‌ಲೂಮ್ ನಿಲ್ಲಿಸಿದ್ದ. ಮನೆಯಲ್ಲಿ ಗೋಡೆ ಎದ್ದಿತು, ಹೊಳಬಸಪ್ಪ ಪಕ್ಕದ ಓಣಿಯ ಶೆಡ್ಡಿನಲ್ಲಿ ಕೂಲಿಗೆ ಹೋದ. ಅಲ್ಲಿಯೂ ನೇಯುವುದು ಪವರ್‌ಲೂಮಿನ ಮೇಲೆಯೇ ಅಲ್ಲವೇ ಎಂದು ನಾನು ಒಮ್ಮೆ ಕೆಣಕಿದ್ದೆ. ಎರಡು ದಿನ ಅಂಗಡಿಗೆ ಬರಲಿಲ್ಲ.

ಮಗ್ಗದ ಶೆಡ್ಡಿನಲ್ಲಿ ಸದ್ದಿಗೆ ಮಾತು ಕೇಳುವುದಿಲ್ಲ, ನೇಕಾರರು ಕೈಯಲ್ಲೇ ಮಾತಾಡುತ್ತಾರೆ. ಮುಷ್ಟಿ ಎತ್ತಿದರೆ ಮಗ್ಗ ನಿಲ್ಲಿಸು ಎಂದರ್ಥ, ಮಣಿಕಟ್ಟು ತಿರುವಿದರೆ ಬಿಡು, ನಡೆಯಲಿ ಎಂದರ್ಥ. ಈ ಅಣ್ಣತಮ್ಮಂದಿರ ನಡುವೆ ಅದೂ ಇರಲಿಲ್ಲ. ಒಮ್ಮೆ ಅಂಗಡಿಯಲ್ಲಿ ಇವರಿಬ್ಬರೇ ಸಿಕ್ಕರು. ಆಟಕ್ಕೆ ಇಬ್ಬರು ಬೇಕು. ಬಿಮ್ಮನೆ ಟಿವಿ ನೋಡುತ್ತ ಕೂತರು, ಆಡಿದರು. ಮರುದಿನವೂ ಬಂದರು, ಆಮೇಲೆ ಅದೇ ರೂಢಿಯಾಯಿತು. ಪಕ್ಕದಲ್ಲಿ ಕೂತರೂ ಮುಖ ನೋಡಬೇಕಾಗದ ಜಾಗ ಲೋಕದಲ್ಲಿ ಇನ್ನೆಲ್ಲಿದೆ ಹೇಳಿ. ಒಬ್ಬರ ಪಟ್ಟು ಒಬ್ಬರಿಗೆ ಬಾಯಿಪಾಠ. ಏನಾದರೂ ಹೇಳಲೇಬೇಕಾದರೆ ಅದು ನನ್ನ ಮುಖಾಂತರ. ಗೇಣು ದೂರದಲ್ಲಿ ಕೂತವನಿಗೆ ಬೈಗುಳವನ್ನೂ ನಾನೇ ಮುಟ್ಟಿಸಬೇಕಿತ್ತು.

ಜಮಖಂಡಿಗೆ ಕುಸ್ತಿ ಆರು ಬಂದಿದೆ ಎಂದು ಒಂದು ದಿನ ನಾನು ಬಾಯಿ ಬಿಟ್ಟೆ. ಹೊಳಬಸಪ್ಪ ಸಿಡಿದ. ಸೀರೆಯ ಒಡಲಿಗೆ ಯಾವ ಬಣ್ಣವಾದರೂ ಬರಲಿ, ಸೆರಗು ಮುಟ್ಟಬಾರದು, ಸೆರಗು ನೋಡಿಯೇ ಹೆಣ್ಣುಮಕ್ಕಳು ಸೀರೆಯ ಗುರುತು ಹಿಡಿಯುವುದು, ಆಟವೂ ಹಾಗೆಯೇ ಎಂದ. ಚನಮಲ್ಲಪ್ಪ ನನ್ನ ಕಡೆ ತಿರುಗಿ, ಒಂದೇ ಸೆರಗನ್ನು ನೂರು ವರ್ಷ ನೇಯ್ದರೆ ಉಡುವವರು ಯಾರು, ಬದಲಾಗದಿದ್ದರೆ ಹೊಸ ಭಾಗ ಯಾಕೆ ತರಬೇಕು, ಹಾಗಂತ ಅವರಿಗೆ ಹೇಳಿ ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ನಡುವೆ ನಾನು.

ನನಗೋ ಹೊಸದೆಂದರೆ ಪ್ರಾಣ. ಮುಂದಿನ ವಾರವೇ ಕುಸ್ತಿ ಮೂರರ ಡಿಸ್ಕ್ ಕೊಟ್ಟು ಕುಸ್ತಿ ಆರು ತಂದುಬಿಟ್ಟೆ. ಹೊಳಬಸಪ್ಪನನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾನೆ ಎಂದು ಗೊತ್ತಿದ್ದುದರಿಂದಲೇ ಕೇಳಲಿಲ್ಲ.

ಹೊಸ ಆಟದಲ್ಲಿ ಪೈಲ್ವಾನರಿಗೆ ದಣಿವಾಗುತ್ತಿತ್ತು, ಉಸಿರು ನೋಡಿಕೊಂಡು ಆಡಬೇಕಿತ್ತು. ಹಿಡಿಯುವ ಬಟನ್ನಿಗೂ ಒಗೆಯುವ ಬಟನ್ನಿಗೂ ಅದಲುಬದಲು. ಹೊಳಬಸಪ್ಪ ಹಿಡಿಯಲು ಹೋಗಿ ಗಾಳಿಯನ್ನು ಒಗೆದ. ಎರಡನೆಯ ಸಲವೂ ಹಾಗೇ ಆಯಿತು. ಹುಡುಗರು ನಕ್ಕರು. ಅವನು ರಿಮೋಟನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ.

“ನೀವೂ ಕುಣಿ ಮುಚ್ಚಿದ್ರಿ, ಸಾವ್ಕಾರ್ರ” ಎಂದು ಹೊರಗೆ ಹೋದ.

ಆಮೇಲೆ ಅವನು ಬರಲಿಲ್ಲ. ಚನಮಲ್ಲಪ್ಪ ಮಾತ್ರ ಬರುತ್ತಿದ್ದ. ಕರೆಂಟ್ ಹೋದ ಕೂಡಲೇ ಬಂದು, ಅಣ್ಣನ ಜಾಗ ಬಿಟ್ಟು ಕೂತು, ಒಬ್ಬನೇ ಹೊಸ ಆಟ ತಿರುವಿ ಹಾಕುತ್ತಿದ್ದ. ಬೇರೆ ಯಾರೊಂದಿಗೂ ಆಡಲೊಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ತಲೆ ಎತ್ತುತ್ತಿದ್ದ. ಹದಿನೈದು ದಿನ ಹೀಗೇ ನಡೆಯಿತು. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ನಾನು ಬದಲಿಸಿದ್ದು ಒಂದು ಆಟವಲ್ಲ, ಇಬ್ಬರು ಅಣ್ಣತಮ್ಮಂದಿರಿಗೆ ಉಳಿದಿದ್ದ ಒಂದೇ ಒಂದು ನಂಟನ್ನು ಹರಿದಿದ್ದೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಜಮಖಂಡಿಗೆ ಹೋದೆ, ನಾನು ಕೊಟ್ಟ ಡಿಸ್ಕ್ ಯಾರದೋ ಪಾಲಾಗಿತ್ತು. ರಬಕವಿ ಸುತ್ತಿದೆ. ಕೊನೆಗೆ ಮುಧೋಳದ ಬಸ್‌ಸ್ಟ್ಯಾಂಡ್ ಹತ್ತಿರದ ಕ್ಯಾಸೆಟ್ ಅಂಗಡಿಯಲ್ಲಿ, ಹಳೆಯ ಭಜನೆ ಕ್ಯಾಸೆಟ್ಟುಗಳ ಅಡಿಯಲ್ಲಿ ಕುಸ್ತಿ ಮೂರು ಸಿಕ್ಕಿತು. ಹೊಳಬಸಪ್ಪನ ಹೆಂಡತಿ ಗುರುಬಸವ್ವನ ಕೈಯಲ್ಲಿ ಸುದ್ದಿ ಕಳಿಸಿದೆ.

ಮರುದಿನ ಕರೆಂಟ್ ಹೋಯಿತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಹೊಳಬಸಪ್ಪ ಬಂದು ತನ್ನ ಜಾಗದಲ್ಲಿ ಕೂತ. ತಮ್ಮ ಆಗಲೇ ಕೂತಿದ್ದ. ನಾನು ಹಳೆಯ ಡಿಸ್ಕನ್ನು ಅಂಗಿಯ ತುದಿಯಿಂದ ಒರೆಸಿ ಡಬ್ಬಿಗೆ ಹಾಕಲು ಹೋದೆ.

ಚನಮಲ್ಲಪ್ಪ ಕೈ ಅಡ್ಡ ಹಿಡಿದು, ಅದು ಬೇಡ, ಹೊಸದೇ ಇರಲಿ ಎಂದ. ಹೊಳಬಸಪ್ಪ ಎದ್ದು ನಿಂತ. ಕೆಲಸ ಕೆಟ್ಟಿತು ಎಂದು ನಾನು ಕೈ ಕೈ ಹಿಸುಕಿಕೊಂಡೆ.

“ಕುಂದ್ರಣ್ಣ” ಎಂದ ಚನಮಲ್ಲಪ್ಪ. ಮಂದ ಕಿವಿಗೆ ಕೇಳಲೆಂದು ದನಿ ಏರಿಸಿಯೇ ಅಂದ. ನನಗೆ ಹೇಳಲಿಲ್ಲ, ಅಣ್ಣನಿಗೇ ಹೇಳಿದ. “ಹದಿನೈದು ದಿನದಾಗ ಎಲ್ಲಾ ಪಟ್ಟ ಕಲ್ತೇನಿ. ನಾ ಕಲಸ್ತೇನಿ.”

ಹೊಳಬಸಪ್ಪ ನಿಂತಲ್ಲಿಂದಲೇ ತಮ್ಮನ ಕಡೆ ತಿರುಗಿದ.

“ಕುಣಿ ಮುಚ್ಚೂ ಮುಂದ ನನಗೊಂದ ಮಾತ ಕೇಳಬೇಕಿತ್ತ ನೀ.”

“ಕೇಳಿದ್ರ ಬ್ಯಾಡ ಅಂತಿದ್ದಿ. ಅದಕ್ಕ ಕೇಳ್ಲಿಲ್ಲ. ತಪ್ಪಾತು” ಎಂದ ತಮ್ಮ. “ಈಗ ಕೇಳಾಕತ್ತೇನಿ. ಹೊಸಾದ ಹಾಕಸ್ಲೇನು?”

ಒಂಬತ್ತು ವರ್ಷ ತಡವಾಗಿ ಬಂದ ಪ್ರಶ್ನೆ. ಹೊಳಬಸಪ್ಪ ಕೂತ, ರಿಮೋಟು ಎತ್ತಿಕೊಂಡ, ಶೆಡ್ಡಿನಲ್ಲಿ ಮಾಡುವ ಹಾಗೆ ಬಲಗೈಯ ಮಣಿಕಟ್ಟನ್ನು ಒಂದು ಸಲ ತಿರುವಿದ.

ನಾನು ಕುಸ್ತಿ ಆರು ಹಾಕಿದೆ. ಮುಧೋಳದಿಂದ ತಂದದ್ದು ಇವತ್ತಿಗೂ ಕವರಿನಲ್ಲೇ ಇದೆ. ಅವತ್ತು ಹೊಳಬಸಪ್ಪ ನಾಲ್ಕು ಆಟ ಸೋತ, ನಾಲ್ಕು ಸಲವೂ ಬಾಯಿ ತುಂಬ ಬೈದ. ನಾನು ಮುಟ್ಟಿಸಲು ಸಿದ್ಧನಾಗಿ ನಿಂತೇ ಇದ್ದೆ, ಆದರೆ ಬೈಗುಳಗಳು ನೇರವಾಗಿ ತಮ್ಮನಿಗೇ ಹೋಗುತ್ತಿದ್ದವು.