ಕೆಂಪು ನಾಯಿಯ ಚಳಿಗಾಲ

ಚಳಿಗಾಲ ಬಂತೆಂದರೆ ನಮ್ಮ ಮನೆಯ ನಾಯಿಗಳಿಗೆ ಎರಡು ಹೆಚ್ಚಾಗಿ ಸಿಗುತ್ತಿದ್ದವು: ಊಟ ಮತ್ತು ಏಟು. ಎರಡನ್ನೂ ಕೊಡುತ್ತಿದ್ದವನು ನಮ್ಮಪ್ಪ.

ಕಂಪ್ಲಿ ತಾಲೂಕಿನ ಮೆಟ್ರಿಯಲ್ಲಿ ನಮ್ಮದು ಕಬ್ಬಿನ ಹೊಲ, ಹೊಲದ ಅಂಚಿಗೇ ಬೆಲ್ಲದ ಗಾಣ. ಕಬ್ಬು ಕಡಿಯುವ ಕಾಲವೂ ಚಳಿಯ ಕಾಲವೂ ಒಂದೇ. ಹಂಪಿ ಕಡೆಯ ಗುಡ್ಡಗಳಿಂದ ಇಳಿದು ಬಂದ ಕಾಡುಹಂದಿಗಳು ಮಳೆಗಾಲದುದ್ದಕ್ಕೂ ಕಬ್ಬಿನೊಳಗೆ ಸಂಸಾರ ಹೂಡಿರುತ್ತವೆ. ಕಡಿಯುತ್ತ ಹೋದಂತೆ ಅವು ಒಳಗೊಳಗೇ ಸರಿದು, ಕೊನೆಗೆ ಉಳಿದ ತುಂಡು ಕಬ್ಬಿನಲ್ಲಿ ಗುಂಪುಗೂಡಿ ನಿಲ್ಲುತ್ತವೆ. ಆ ತುಂಡಿಗೆ ಮಚ್ಚು ಬಿದ್ದ ದಿನ ಸಿಡಿದು ಹೊರಬರುತ್ತವೆ. ಆಗ ಆಳುಗಳ ಕಾಲಿಗೂ ಹಂದಿಯ ಕೋರೆಗೂ ನಡುವೆ ಇರುವುದು ನಾಯಿಗಳು ಮಾತ್ರ.

ಅಪ್ಪ ತಾನು ಉಣ್ಣುವ ಮೊದಲು ನಾಯಿಗೆ ಹಾಕುವ ಮನುಷ್ಯ. ಜೋಳದ ರೊಟ್ಟಿಯನ್ನು ಎಲುಬಿನ ಸಾರಿನಲ್ಲಿ ನೆನೆಸಿ, ಬೆರಳು ಅದ್ದಿ ಬಿಸಿ ನೋಡಿ, ಆಮೇಲೆ ಮುಂದಿಡುತ್ತಿದ್ದ. ಅರ್ಧ ತಾಸಿನ ಮೇಲೆ ಅದೇ ಕೈ ಬಿದಿರಿನ ಕೋಲು ಹಿಡಿಯುತ್ತಿತ್ತು. ಅವನ ಪಾಠ ಒಂದೇ. ಕೋಲು ಮೇಲೆತ್ತಿದರೆ ನಾಯಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಬೇಕು, ಕೋಲು ಕೆಳಗಿಳಿಯುವ ತನಕ ಏಳಬಾರದು. ಹಂದಿ ಕಂಡು ಹುಚ್ಚೆದ್ದ ನಾಯಿ ಆಳುಗಳ ಮಚ್ಚಿಗೆ ಅಡ್ಡ ಬಿದ್ದು ಸಾಯಬಾರದು ಎಂಬುದು ಅವನ ಲೆಕ್ಕ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮನೆಯ ಕರಿ ನಾಯಿಯ ಎಡಗಣ್ಣು ಹೋದದ್ದು ಹಂದಿಯಿಂದಲ್ಲ, ಆ ಪಾಠದಿಂದ.

ಕಲಿತದ್ದು ನಾಯಿಗಳಷ್ಟೇ ಅಲ್ಲ. ಗೂಟದ ಮೇಲಿನ ರುಮಾಲು ತೆಗೆಯಲು ಅಪ್ಪ ಕೈ ಎತ್ತಿದರೂ ನಾನು ಚಿಕ್ಕಂದಿನಲ್ಲಿ ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದೆ. ಅವ್ವ ಇವತ್ತಿಗೂ ಎಳೆದುಕೊಳ್ಳುತ್ತಾಳೆ.

ನನಗೂ ಅಪ್ಪನ ಸಿಟ್ಟೇ ಬಂದಿದೆ. ಮೂಗಿನ ತುದಿಯಲ್ಲೇ ಇರುತ್ತದೆ. ಅದು ಗೊತ್ತಿದ್ದೇ ನಾನು ಕಂಪ್ಲಿಯ ಶಾಲೆಯೊಂದರಲ್ಲಿ ಟೀಚರ್ ಆಗಿ ಸೇರಿದ ದಿನ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ, ಯಾವ ಮಗುವಿನ ಮೇಲೂ ಕೈ ಎತ್ತುವುದಿಲ್ಲ ಎಂದು. ಎತ್ತಲೂ ಇಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷದ ಬೇಸಿಗೆಯಲ್ಲಿ ಸಂಡೂರು ಕಡೆಯ ಕುರಿಗಾರನೊಬ್ಬ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆಯನ್ನು ತರುಬಿ ನಿಲ್ಲಿಸಿದ್ದ. ಹೋಗುವಾಗ ಒಂದು ಹೆಣ್ಣು ಮರಿಯನ್ನು ಬಿಟ್ಟುಹೋದ. ಉದ್ದ ಕಾಲು, ತೆಳು ಹೊಟ್ಟೆ, ಗಣಿಯ ಧೂಳಿನ ಬಣ್ಣ. ನಮ್ಮಲ್ಲಿ ನಾಯಿಗೆ ಬಣ್ಣವೇ ಹೆಸರು, ಹಾಗಾಗಿ ಅದು ಕೆಂಪು ನಾಯಿ ಆಯಿತು. ಅಪ್ಪ ಕೋಲು ತರಲು ಒಳಗೆ ಹೋದಾಗ ನಾನು ಮರಿಯನ್ನು ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತೆ.

"ಇದು ನಂದು. ಇದಕ್ಕ ನಾ ಕಲಸ್ತೀನಿ. ನೀ ಮುಟ್ಟಬ್ಯಾಡ."

"ಬಡೀಲಾರದ ಹೆಂಗ ಕಲಸ್ತಿ? ಎಬಿಸಿಡಿ ಹೇಳಿ ಕೊಡ್ತೀಯೇನು?"

"ಹೇಳಿ ಕೊಡ್ತೀನಿ. ನಿನಗ್ಯಾಕ?"

"ಆತು ಬಿಡು. ಕಡೀ ತುಂಡು ಕಡಿಯೋ ದಿನ ನೋಡೂಣಂತ. ಬಡಿಲಾರದ ನಾಯಿ ಹಂದಿ ಬಾಯಾಗ ಹೋಗ್ತತಿ. ಆಗ ಅತ್ಕೊಂತ ನನ್ನ ಹತ್ರ ಬರಬ್ಯಾಡ."

ಆ ಮಾತಿನ ಮೇಲೆ ನಾನು ಎಂಟು ತಿಂಗಳು ಬದುಕಿದೆ. ಏಟಿಲ್ಲದೆ ಕಲಿತ ನಾಯಿಯೊಂದು ಕಡೆಯ ತುಂಡಿನ ದಿನ ಜೀವಂತ ಮನೆಗೆ ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಕೆಂಪು ನಾಯಿ ನಿಂತಲ್ಲಿ ನಿಲ್ಲುವ ಜಾತಿಯಲ್ಲ. ಓಡಿಸದಿದ್ದರೆ ಚಪ್ಪಲಿ, ಬೇಲಿ, ಅವ್ವನ ಸೀರೆ ಎಲ್ಲವೂ ಚೂರು. ಚಳಿ ಶುರುವಾದ ಮೇಲೆ ನಾನು ಬಿಸಿಲು ಏರುವ ತನಕ ಕಾಯುತ್ತಿದ್ದೆ, ಮೊದಲು ಕಾಲುವೆಯ ಏರಿಯ ಮೇಲೆ ನಡೆಸಿ, ಮೈ ಕಾದ ಮೇಲೆ ಓಡಲು ಬಿಡುತ್ತಿದ್ದೆ. ಅದು ಕಾಲುವೆಗೆ ಧುಮುಕದೆ ಬರುತ್ತಿರಲಿಲ್ಲ. ಬಂದ ಕೂಡಲೇ ಹಳೆಯ ಟವೆಲಿನಿಂದ ಹೊಟ್ಟೆ, ತೊಡೆಸಂದು ಒಣಗುವ ಹಾಗೆ ಉಜ್ಜುತ್ತಿದ್ದೆ. ಅದರ ಕೂದಲು ಎಷ್ಟು ತೆಳುವೆಂದರೆ ಚರ್ಮದ ನಡುಕ ಕಣ್ಣಿಗೆ ಕಾಣುತ್ತಿತ್ತು. ಅಂಗಾಲು ಒಡೆದರೆ ಬೇವಿನೆಣ್ಣೆ. ಕುಡಿಯಲು ಉಗುರುಬೆಚ್ಚಗಿನ ನೀರು. ಮಲಗಲು ಸಿಮೆಂಟಿನ ಕಟ್ಟೆಯಲ್ಲ, ಗೇಣು ದಪ್ಪಕ್ಕೆ ಹಾಸಿದ ಕಬ್ಬಿನ ಒಣಗರಿ. ಅವ್ವ ಗೋಣಿಚೀಲಕ್ಕೆ ತನ್ನ ಹಳೆಯ ಸೀರೆಯ ಒಳಪದರ ಕೊಟ್ಟು ಒಂದು ಕೋಟು ಹೊಲಿದಳು. ಅದನ್ನು ಹಾಕಿಕೊಂಡು ನಾಯಿ ಗಾಣದ ಮುಂದೆ ನಡೆದಾಗ ಆಳುಗಳು ಎದ್ದು ನಿಂತು ನಮಸ್ಕಾರ ಮಾಡಿ ನಕ್ಕರು.

"ಬರ್ರಿ ಮೇಡಂ, ಕುಂದ್ರಿ," ಎಂದು ನಾಯಿಗೆ ಹೇಳಿದರು, ನನಗಲ್ಲ.

ಪಾಠಕ್ಕೆ ಹುರಿದ ಶೇಂಗಾ, ಬೇಯಿಸಿದ ಯಕೃತ್ತಿನ ಚೂರು. "ಕುಂದ್ರು" ಎಂದರೆ ಕೂರುತ್ತಿತ್ತು, "ತಡಿ" ಎಂದರೆ ತಡೆಯುತ್ತಿತ್ತು. ಸಂಕ್ರಾಂತಿಗೆ ತಿಂಗಳಿರುವಾಗ ಸಣ್ಣ ಹಂದಿಯೊಂದು ಬದುವಿಗೆ ಬಂದಿತ್ತು. "ಹಿಡಿ" ಎಂದೆ, ಕಿವಿ ಹಿಡಿಯಿತು. "ಬಿಡು" ಎಂದೆ, ಬಿಟ್ಟು ನನ್ನ ಕಡೆ ಓಡಿಬಂತು. ಅಪ್ಪ ಬೀಡಿಯ ಹೊಗೆ ಬಿಟ್ಟು ಆ ಕಡೆ ತಿರುಗಿದ. ನನಗೆ ಆಕಾಶ ಮೂರೇ ಗೇಣು.

ಅದನ್ನೆಲ್ಲ ನಾನೇ ನೀರಿಗೆ ಹಾಕಿದೆ. ಹೇಗೆಂದು ಹೇಳುತ್ತೇನೆ.

ಬೆಲ್ಲ ಕಾಯಿಸುವ ಒಲೆಯ ಬೂದಿಯನ್ನು ಗಾಣದ ಹಿಂದೆ ಸುರಿಯುತ್ತಾರೆ. ಚಳಿಯ ಮುಂಜಾನೆ ಊರ ನಾಯಿಗಳಿಗೆಲ್ಲ ಅದೇ ಹಾಸಿಗೆ. ಮೇಲೆ ಬೆಚ್ಚಗೆ, ಒಳಗೆ ಕೆಂಡ. ಕರಿ ನಾಯಿ ಹಿಂದಿನ ವರ್ಷ ಅದರಲ್ಲಿ ಮಲಗಿ ಹೊಟ್ಟೆಯ ಚರ್ಮ ಸುಟ್ಟುಕೊಂಡಿತ್ತು, ಹುಳು ಬಿದ್ದಿತ್ತು, ಆ ವಾಸನೆ ನನಗೆ ಮರೆತಿರಲಿಲ್ಲ. ಹಾಗಾಗಿ ಕೆಂಪು ನಾಯಿಗೆ ಬೂದಿಗುಡ್ಡೆ ಕೂಡದು ಎಂದು ಮೊದಲ ದಿನದಿಂದ ಕಲಿಸಿದ್ದೆ. ಒಂದು ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೊತ್ತಾಗಿತ್ತು. ನೋಡಿದರೆ ಅದು ಕೋಟು ಕಿತ್ತೆಸೆದು ಬೂದಿಯಲ್ಲಿ ಹೊರಳಾಡುತ್ತಿದೆ. "ಬ್ಯಾಡ, ಬಾ" ಎಂದೆ. ಇನ್ನೊಮ್ಮೆ ಕರೆದೆ. ಅದು ಬಾಲ ಅಲ್ಲಾಡಿಸಿ ಮತ್ತಷ್ಟು ಒಳಗೆ ಕೆದರಿತು. ಕೆಂಡದ ಕೆಂಪು ಕಾಣಿಸಿತು. ಬೂದಿ ಹಾರಿ ನನ್ನ ಇಸ್ತ್ರಿ ಮಾಡಿದ ಸೀರೆಯ ಮೇಲೆ ಬಿತ್ತು.

ಹೆದರಿಕೆ ಎಷ್ಟು, ಸೀರೆಯ ಸಿಟ್ಟು ಎಷ್ಟು, ಈಗ ಬೇರೆ ಮಾಡಲಾರೆ. ಬಿದ್ದಿದ್ದ ಕಬ್ಬಿನ ಜಲ್ಲೆ ಎತ್ತಿಕೊಂಡು ಹೊಡೆದೆ. ಮೊದಲ ಏಟಿಗೆ ಅದು ಆಟವೆಂದುಕೊಂಡು ನೆಗೆಯಿತು. ಎರಡನೆಯದು ಬೆನ್ನಿಗೆ ಬಿತ್ತು. ಮೂರನೆಯದಕ್ಕೆ ಕೂಗಿತು. ಆ ಕೂಗು ಕೇಳಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಕೂಗಿದ್ದಕ್ಕೇ ಇನ್ನೂ ಸಿಟ್ಟು ಬಂತು. ಜಲ್ಲೆ ಮುರಿದು ಎರಡಾಗುವ ತನಕ ಹೊಡೆದೆ, ಮುರಿದ ತುಂಡನ್ನೂ ಎತ್ತಿದೆ. ಆಗ ಅದು ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿತು. ಮೂಗಿನಿಂದ ರಕ್ತ ಬರುತ್ತಿತ್ತು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿನ ತುಂಡನ್ನೇ ನೋಡುತ್ತಿತ್ತು.

ಗಾಣದ ಬಾಗಿಲಲ್ಲಿ ಅಪ್ಪ ಚಹಾದ ಲೋಟ ಹಿಡಿದು ನಿಂತಿದ್ದ. "ಈಗ ಬಂದಿ ನೋಡು ದಾರಿಗೆ," ಎಂದ. ನಾಯಿಗೆ ಹೇಳಿದನೋ ನನಗೋ, ನಾನು ಕೇಳಲು ಹೋಗಲಿಲ್ಲ.

ಆ ದಿನ ತರಗತಿಯಲ್ಲಿ ಕಪ್ಪು ಹಲಗೆಯ ಮೇಲ್ಭಾಗ ಒರೆಸಲು ಕೈ ಎತ್ತಲಾಗದೆ ಸುಮ್ಮನೆ ಕುರ್ಚಿಯಲ್ಲಿ ಕುಳಿತೆ. ಸಂಜೆ ಬಂದು ಅರಿಸಿನ ಹಚ್ಚಿದೆ, ಎರಡು ಮೊಟ್ಟೆ ತಿನ್ನಿಸಿದೆ, ಕ್ಷಮಿಸು ಎಂದೆ. ನಾಯಿ ಕೈ ನೆಕ್ಕಿತು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೂರು ದಿನದ ಮೇಲೆ ಅದು ಮತ್ತೆ ಬೂದಿಗುಡ್ಡೆಯ ಕಡೆ ಹೆಜ್ಜೆ ಹಾಕಿತು. ನಾನು ಜಲ್ಲೆ ಎತ್ತಿದೆ, ಹೊಡೆಯಲಿಲ್ಲ, ಬರೀ ಎತ್ತಿದೆ. ತಟ್ಟನೆ ಮಲಗಿತು. ಶೇಂಗಾ ಬೇಡ, ಮೂರು ಸಲ ಕರೆಯುವುದು ಬೇಡ, ಬಸ್ಸು ತಪ್ಪುವ ಚಿಂತೆ ಬೇಡ. ಅದು ಎಂಥ ಸುಲಭವೆಂದು ಹೊಡೆದವರಿಗೇ ಗೊತ್ತು. ಕೋಳಿಯ ಹಿಂದೆ ಓಡಿದಾಗ ಒಮ್ಮೆ ಎತ್ತಿದೆ. ಪಕ್ಕದ ಮನೆಯ ಎಮ್ಮೆಗೆ ಬೊಗಳಿದಾಗ ಎತ್ತಿದೆ. ಹೊಡೆಯುತ್ತಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮೈ ಬೆಚ್ಚಗಿತ್ತು, ಹೊಟ್ಟೆ ತುಂಬಿತ್ತು, ಚರ್ಮ ಮಿರಮಿರ ಮಿಂಚುತ್ತಿತ್ತು. ನೋಡಿದವರೆಲ್ಲ ಭಾಳ ಚಲೋ ಸಾಕೀರಿ ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಕಡೆಯ ತುಂಡಿಗೆ ಮಚ್ಚು ಹಾಕಿದರು. ನಾನು ಕೆಂಪು ನಾಯಿಯನ್ನು ಬದುವಿನ ಮೇಲೆ ಚೆನ್ನಾಗಿ ನಡೆಸಿ ಮೈ ಕಾಯಿಸಿ, ಕೋಟು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ. ಅಪ್ಪ ಕರಿ ನಾಯಿಯ ಜೊತೆ ಕಬ್ಬಿನ ಬಾಯಿಗೆ ನಿಂತಿದ್ದ. ಆಳುಗಳು ಮೂರು ಕಡೆಯಿಂದ ಕಡಿಯುತ್ತಿದ್ದರು. ಮೊದಲು ಮರಿಗಳು ಓಡಿದವು, ಹೆಣ್ಣು ಹಂದಿ ಓಡಿತು, ಯಾರೂ ತಡೆಯಲಿಲ್ಲ. ಎಲ್ಲ ಮುಗಿಯಿತು ಎಂದು ಯಾರೋ ನಕ್ಕರು. ಆಗ ಗಂಡು ಹಂದಿ ಬಂತು.

ಅದು ಬಂದದ್ದು ಕಾಣಲಿಲ್ಲ, ಕಬ್ಬು ಮುರಿದ ಸದ್ದಷ್ಟೇ ಕೇಳಿತು. ಕರಿ ನಾಯಿಯ ಕುರುಡು ಕಣ್ಣಿನ ಕಡೆಯಿಂದಲೇ ನುಗ್ಗಿ ಅದನ್ನು ಚೆಂಡಿನ ಹಾಗೆ ಎಸೆಯಿತು. ಮರುಕ್ಷಣ ಅಪ್ಪ ನೆಲದ ಮೇಲಿದ್ದ. ಕೋರೆ ಅವನ ತೊಡೆಯೊಳಗೆ ಹೋಗಿ ಮೇಲಕ್ಕೆ ಸೀಳಿಕೊಂಡು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಧೋತರ ಕೆಂಪಾಯಿತು. ಅಪ್ಪ ಕೂಗಲಿಲ್ಲ, ಎರಡೂ ಕೈಯಿಂದ ಹಂದಿಯ ಮುಸುಡಿಯನ್ನು ದೂರ ತಳ್ಳುತ್ತಿದ್ದ. ನಾನು "ಹಿಡಿ" ಎಂದೆನೋ ಇಲ್ಲವೋ, ಕೆಂಪು ನಾಯಿ ಹಾರಿ ಹಂದಿಯ ಕಿವಿ ಹಿಡಿಯಿತು. ಹಿಡಿದು ಹಿಂದಕ್ಕೆ ಎಳೆಯಿತು. ಕಾಲು ನಾಲ್ಕನ್ನೂ ಮಣ್ಣಿಗೆ ಊರಿ, ತನ್ನ ಮೂರು ಪಟ್ಟು ತೂಕದ ಪ್ರಾಣಿಯನ್ನು ಅಪ್ಪನ ಮೇಲಿನಿಂದ ಒಂದು ಮೊಳ ಎಳೆಯಿತು. ಗೆದ್ದೆವು ಎಂದುಕೊಂಡೆ. ಆ ಕ್ಷಣದಲ್ಲೂ ಅಪ್ಪನಿಗೆ ತೋರಿಸಿಕೊಟ್ಟೆ ಎಂದುಕೊಂಡೆ, ನಾಚಿಕೆಯಿಲ್ಲದೆ.

ಅಪ್ಪನ ಬಿದಿರಿನ ಕೋಲು ಕಾಲಬಳಿ ಬಿದ್ದಿತ್ತು. ಹಂದಿಯ ತಲೆ ಒಡೆಯಬೇಕೆಂದು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದೆ.

ಕೆಂಪು ನಾಯಿ ಕಿವಿ ಬಿಟ್ಟಿತು. ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿತು.

"ಏಳು! ಹಿಡಿ! ಓಡು!" ಗಂಟಲು ಹರಿಯುವ ಹಾಗೆ ಕೂಗಿದೆ. ಅದು ಕೋಲನ್ನೇ ನೋಡುತ್ತಿತ್ತು. ಹಂದಿ ತಿರುಗಿತು. ಎರಡು ಹೆಜ್ಜೆ ದೂರದಲ್ಲಿ ಅದು ತಿರುಗಿದ್ದು ನಾಯಿಗೂ ಕಂಡಿರಬೇಕು, ಏಕೆಂದರೆ ಮೈಯ ಚರ್ಮವೆಲ್ಲ ಚಳಿ ಹಿಡಿದಂತೆ ನಡುಗಿತು. ಆದರೂ ಏಳಲಿಲ್ಲ. ಕೋಲು ಕೆಳಗಿಳಿಸಿದ್ದರೆ ಏಳುತ್ತಿತ್ತು. ಅಷ್ಟು ನನ್ನ ತಲೆಗೆ ಹೊಳೆಯಲಿಲ್ಲ. ಕೂಗುತ್ತಲೇ ಇದ್ದೆ, ಕೋಲು ಮೇಲೆಯೇ ಇತ್ತು. ಕೋರೆ ಪಕ್ಕೆಯ ಕೆಳಗೆ ಹೋಯಿತು. ಎರಡನೆಯ ಸಲವೂ ಹೋಯಿತು. ನಾನು ಹುಚ್ಚಳಂತೆ ಹಂದಿಯ ಬೆನ್ನಿಗೆ, ತಲೆಗೆ ಬಡಿದೆ. ಆಳುಗಳು ಮಚ್ಚು ಹಿಡಿದು ಓಡಿಬಂದರು. ಹಂದಿ ಅವರ ಸಂದಿಯಲ್ಲೇ ನುಗ್ಗಿ ಕಾಲುವೆಯ ಕಡೆ ಹೋಯಿತು. ಕೋಲು ಕೈಯಿಂದ ಬಿದ್ದ ಮೇಲೆ ಕೆಂಪು ನಾಯಿ ಎದ್ದು ನಿಲ್ಲಲು ನೋಡಿತು. ಕರುಳು ಹೊರಗಿತ್ತು.

ಬೆಲ್ಲ ಸಾಗಿಸುವ ಗೂಡ್ಸ್ ಆಟೋದಲ್ಲಿ ಅಪ್ಪನನ್ನು ಮಲಗಿಸಿದರು. ತೊಡೆಗೆ ರುಮಾಲು ಬಿಗಿದು ಕಟ್ಟಿದ್ದರು. ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಕೆಂಪು ನಾಯಿ. ಕಂಪ್ಲಿಯ ಆಸ್ಪತ್ರೆಯ ತನಕ ದಾರಿಯುದ್ದಕ್ಕೂ ಗಾಳಿ ಚುಚ್ಚುತ್ತಿತ್ತು. ಅವ್ವ ಹೊಲಿದ ಕೋಟನ್ನು ಅದಕ್ಕೆ ಸುತ್ತಿ, ಸೆರಗನ್ನೂ ಹೊದಿಸಿ, ಚಳಿಯಾಗದ ಹಾಗೆ ಒತ್ತಿ ಹಿಡಿದುಕೊಂಡಿದ್ದೆ. ಅದು ಅರ್ಧ ದಾರಿಗೇ ಸತ್ತಿತು. ಗೊತ್ತಾದ ಮೇಲೂ ಕೋಟಿನ ದಾರ ಬಿಚ್ಚಲಿಲ್ಲ.

ಅಪ್ಪ ಅತ್ಕೊಂತ ಬರಬ್ಯಾಡ ಎಂದಿದ್ದನಲ್ಲ, ಅದು ನೆನಪಾಗಿ ಬಾಯಿಗೆ ಸೆರಗು ತುರುಕಿಕೊಂಡೆ. ಅವನು ಬೈಯುತ್ತಾನೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ನಿನ್ನ ಕೋಲು, ನಿನ್ನ ಪಾಠ ಎಂದು ಬಾಯಿಗೆ ಬಂದಂತೆ ಅನ್ನುತ್ತಿದ್ದೆ. ಅವನು ಒಣಗಿದ ತುಟಿ ನೆಕ್ಕಿಕೊಂಡು, ರಕ್ತದ ಕೈಯನ್ನು ನಾಯಿಯ ತಲೆಯ ಮೇಲಿಟ್ಟ. ಅವನ ಕಣ್ಣಲ್ಲಿ ನೀರಿತ್ತು.

"ಹಂದಿ ಮೈಮ್ಯಾಗ ಬಂದ್ರೂ ಏಳಲಿಲ್ಲ ನೋಡವ್ವ," ಎಂದ. "ಇಷ್ಟು ಮಾತು ಕೇಳೋ ನಾಯಿ ನನ್ನ ಕೈಯಾಗ ಒಂದೂ ತಯಾರಾಗಿಲ್ಲ. ಭಾಳ ಚಲೋ ಕಲಿಸಿದ್ದಿ."

ಚುಚ್ಚಿ ಆಡಿದ ಮಾತಲ್ಲ ಅದು. ಓದು ಮುಗಿಸಿದಾಗ, ಕೆಲಸ ಸಿಕ್ಕಾಗ, ಯಾವತ್ತೂ ಒಂದು ಒಳ್ಳೆಯ ಮಾತು ಆಡದ ಮನುಷ್ಯ ಅವತ್ತು ನನ್ನನ್ನು ಮನಸಾರೆ ಹೊಗಳಿದ. ಬೆನ್ನು ತಟ್ಟಬೇಕೆಂದು ಕೈ ಎತ್ತಿದ. ನಾನು ಕುತ್ತಿಗೆ ಒಳಗೆಳೆದುಕೊಂಡೆ.